ಯಾರು ಮುಟ್ಟಿದ್ದು?

ಮನೆಯಲ್ಲಿ ಯಾವ ವಸ್ತು ಕೆಟ್ಟರೂ ಮೊದಲು ಹೊರಡುವ ಮಾತು ಒಂದೇ: "ಯಾರು ಮುಟ್ಟಿದ್ದು?" ಮಿಕ್ಸಿಯಿಂದ ಸುಟ್ಟ ವಾಸನೆ ಬಂದರೂ ಅದೇ, ಹಾಲು ಒಡೆದರೂ ಅದೇ, ಬಾವಿಯ ಪಂಪು ನೀರೆತ್ತದಿದ್ದರೂ ಅದೇ. ಏನಾಗಿದೆ ಎಂದು ಕೇಳುವುದು ಆಮೇಲೆ. ಈ ಪ್ರಶ್ನೆಗೆ ಉತ್ತರವಾಗಬಲ್ಲವರ ಪಟ್ಟಿಯೂ ಪ್ರತಿ ಮನೆಯಲ್ಲಿ ಮೊದಲೇ ಸಿದ್ಧವಾಗಿರುತ್ತದೆ. ಸೊಸೆ, ಶಾಲೆಗೆ ಹೋಗುವ ಮಕ್ಕಳು, ಕೆಲಸದವಳು ಹೀಗೆ ಸಾಗುವ ಆ ಪಟ್ಟಿಯಲ್ಲಿ ಯಜಮಾನರ ಹೆಸರನ್ನು ನಾನಂತೂ ಕಂಡಿಲ್ಲ.

ಮನೆಮನೆಗೆ ಕಂಪ್ಯೂಟರ್ ಬಂದ ಮೇಲೆ ಈ ಪ್ರಶ್ನೆಯ ಧ್ವನಿ ಇನ್ನೂ ಏರಿದೆ. ಮಿಕ್ಸಿ ನಿಂತರೆ ಹೆಚ್ಚೆಂದರೆ ಒಂದು ದಿನದ ಚಟ್ನಿ ತಪ್ಪೀತು. ಕಂಪ್ಯೂಟರ್ ನಿಂತರೆ ಒಳಗಿರುವ ವರ್ಷಗಳ ಲೆಕ್ಕವೇ ಹೋಯಿತೇನೋ ಎಂಬ ದಿಗಿಲು. ಜೊತೆಗೆ ಅದರ ಹೊಟ್ಟೆಯೊಳಗೆ ಏನಿದೆಯೆಂದು ನಮ್ಮಲ್ಲಿ ಬಹುಪಾಲು ಜನಕ್ಕೆ ಗೊತ್ತಿಲ್ಲ. ಗೊತ್ತಿಲ್ಲದ ಪೆಟ್ಟಿಗೆಯನ್ನು ಗದರಿಸಿ ಪ್ರಯೋಜನವಿಲ್ಲವಲ್ಲ. ಪಕ್ಕದಲ್ಲಿ ನಿಂತ ಮನುಷ್ಯರನ್ನಾದರೆ ಗದರಿಸಬಹುದು.

ಸಾಗರದಲ್ಲಿರುವ ನನ್ನ ಅಕ್ಕನ ಮನೆಗೆ ಒಂದು ಮಳೆಗಾಲದಲ್ಲಿ ಹೋಗಿದ್ದೆ. ಭಾವ ಅಡಿಕೆ ವ್ಯಾಪಾರದ ಲೆಕ್ಕವನ್ನೆಲ್ಲ ಒಂದು ಹಳೆಯ ಕಂಪ್ಯೂಟರಿನಲ್ಲಿ ಇಟ್ಟಿದ್ದಾರೆ. ಅಂದು ಬೆಳಿಗ್ಗೆ ಅವರು ಸ್ವಿಚ್ ಒತ್ತಿದರೆ ಫ್ಯಾನೇನೋ ತಿರುಗಿತು, ಪರದೆ ಮಾತ್ರ ಕಪ್ಪಗೇ ಉಳಿಯಿತು. ಒಳಗಿನಿಂದ "ಪೀ... ಪೀ..." ಎಂಬ ಸದ್ದು. ಕೆಲಸಕ್ಕೆ ಬರುವ ಹೆಂಗಸಿನ ಮಗಳು ಪಿಯುಸಿ ಓದುತ್ತಾಳೆ. ಹಿಂದಿನ ಸಂಜೆ ಅಕ್ಕನನ್ನು ಕೇಳಿಯೇ ವಿದ್ಯಾರ್ಥಿವೇತನದ ಅರ್ಜಿಯನ್ನು ಅದರಲ್ಲಿ ಅರ್ಧ ತುಂಬಿ ಹೋಗಿದ್ದಳು. ಭಾವ ಒಳ್ಳೆಯವರೇ, ಅವಳ ಓದಿಗೆ ಪುಸ್ತಕ ಕೊಡಿಸಿದವರೂ ಅವರೇ. ಆದರೂ ಬಾಯಿಂದ ಬಂದದ್ದು, "ಆ ಹುಡುಗಿ ಏನೋ ಕೆಡಿಸಿಟ್ಟಿದ್ದಾಳೆ." ಹಿತ್ತಲಿನಲ್ಲಿ ಪಾತ್ರೆ ತೊಳೆಯುತ್ತಿದ್ದ ತಾಯಿಗೆ ಅದು ಕೇಳಿಸಿತು. ಒದ್ದೆ ಕೈಯಲ್ಲೇ ಬಾಗಿಲಿಗೆ ಬಂದು, "ರಿಪೇರಿಗೆ ಎಷ್ಟಾಗ್ತದೋ ಸಂಬಳದಲ್ಲಿ ಹಿಡ್ಕೊಳ್ಳಿ ಅಮ್ಮಾ" ಎಂದಳು. ಏನಾಗಿದೆಯೆಂದು ಇನ್ನೂ ಯಾರೂ ನೋಡಿರಲಿಲ್ಲ.

ಪೇಟೆಯಿಂದ ರಿಪೇರಿಯ ಹುಡುಗ ಬಂದ. ನನಗೆ ಕುತೂಹಲವಾದದ್ದು ಅವನು ಕೇಳಿದ ಪ್ರಶ್ನೆಗಳು. ಫ್ಯಾನು ತಿರುಗುತ್ತಿದೆಯೇ? ಸದ್ದು ಎಷ್ಟು ಸಲ, ಉದ್ದವೋ ಗಿಡ್ಡವೋ? ಕೊನೆಯ ಸಲ ಸರಿಯಾಗಿ ಓಡಿದ್ದು ಯಾವಾಗ? ಯಾರು ಎಂಬ ಪದ ಅವನ ಬಾಯಲ್ಲಿ ಬರಲೇ ಇಲ್ಲ. ಕೆಲಸ ಮಾಡುತ್ತಲೇ ಹೇಳಿದ: ಸ್ವಿಚ್ ಒತ್ತಿದ ಕೂಡಲೇ ಕಂಪ್ಯೂಟರ್ ನಮ್ಮ ಕೆಲಸಕ್ಕೆ ಇಳಿಯುವುದಿಲ್ಲ, ಮೊದಲು ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುತ್ತದೆ. ಮುಖ್ಯ ಫಲಕದ ಮೇಲಿನ ಒಂದು ಚಿಪ್ಪಿನಲ್ಲಿ ಅದಕ್ಕೆಂದೇ ಪುಟ್ಟ ಕಾರ್ಯಕ್ರಮವಿದೆ. ಪ್ರೊಸೆಸರ್ ಇದೆಯೇ, ರ‍್ಯಾಮ್ ಸಿಗುತ್ತಿದೆಯೇ, ಪರದೆಗೆ ಚಿತ್ರ ಕಳಿಸುವ ಭಾಗ ಸರಿಯಿದೆಯೇ ಎಂದು ನೋಡಿಕೊಂಡ ಮೇಲೆಯೇ ಅದು ಡಿಸ್ಕಿನ ಕಡೆ ತಿರುಗುವುದು. ರ‍್ಯಾಮ್ ಸಿಗದಿದ್ದರೆ ಪರದೆಯ ಮೇಲೆ ಬರೆದು ತೋರಿಸುವ ಶಕ್ತಿಯೂ ಇರುವುದಿಲ್ಲ, ಆದ್ದರಿಂದ ಕೂಗುತ್ತದೆ. ಎಷ್ಟು ಸಲ ಕೂಗಿದರೆ ಏನರ್ಥ ಎಂಬುದು ತಯಾರಕರಿಂದ ತಯಾರಕರಿಗೆ ಬೇರೆ. ಗಡಿಯಾರವನ್ನು ನಡೆಸುವ ಮೂರು ವೋಲ್ಟಿನ ಬಿಲ್ಲೆಯಂಥ ಸೆಲ್ಲು ಮುಗಿದರೆ ಲಕ್ಷಣವೇ ಬೇರೆ: ತಾರೀಕು ಎಷ್ಟೋ ವರ್ಷ ಹಿಂದಕ್ಕೆ ಹೋಗಿಬಿಡುತ್ತದಂತೆ. (ನಮಗೂ ಅಂಥದೊಂದು ಸೆಲ್ಲು ಇದ್ದಿದ್ದರೆ ಎಂದು ಅಕ್ಕ ನಕ್ಕಳು.)

ಅವನು ವಿದ್ಯುತ್ತಿನ ತಂತಿ ಕಿತ್ತು, ಪೆಟ್ಟಿಗೆ ಬಿಚ್ಚಿ, ಬೆರಳುದ್ದದ ರ‍್ಯಾಮ್ ಪಟ್ಟಿಯನ್ನು ಹೊರತೆಗೆದ. ಅದರ ಹೊಂಬಣ್ಣದ ಅಂಚನ್ನು ಮಕ್ಕಳು ಪೆನ್ಸಿಲ್ ಗೀಟು ಅಳಿಸುವ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಮತ್ತೆ ಕುಳ್ಳಿರಿಸಿ, ಟಕ್ ಎನ್ನುವವರೆಗೆ ಒತ್ತಿದ. ಪರದೆ ಬೆಳಗಿತು. ಲೆಕ್ಕವೆಲ್ಲ ಇದ್ದ ಹಾಗೇ ಇತ್ತು. "ಮಳೆಗಾಲದ ಥಂಡಿ ಸಾರ್, ಧೂಳೂ ಸೇರಿದೆ" ಎಂದ. ಕೀಬೋರ್ಡ್ ಒತ್ತಿದ್ದರಿಂದ ಹೀಗಾದೀತೇ ಎಂದು ನಾನು ಬೇಕೆಂದೇ ಗಟ್ಟಿಯಾಗಿ ಕೇಳಿದೆ. "ಅದಕ್ಕೂ ಇದಕ್ಕೂ ಸಂಬಂಧವೇ ಇಲ್ಲ ಮೇಡಂ." ಭಾವ "ಎಷ್ಟಾಯಿತಪ್ಪ?" ಎಂದು ಪರ್ಸು ತೆಗೆದರು. ಹಿತ್ತಲಿಗೆ ಹೋಗಿ ಆ ತಾಯಿಗೆ ವಿಷಯ ಹೇಳಬೇಕಾದುದು ಅವರ ಕೆಲಸವೆಂದು ಅವರಿಗೆ ಹೊಳೆಯಲಿಲ್ಲ. ಅಕ್ಕ ಹೇಳಿದಳು. ಆದರೆ ಅನುಮಾನಪಟ್ಟವರು ಬಂದು ಹೇಳುವುದಕ್ಕೂ ಅವರ ಪರವಾಗಿ ಇನ್ನೊಬ್ಬರು ಹೇಳುವುದಕ್ಕೂ ವ್ಯತ್ಯಾಸವಿದೆ. ಹುಡುಗಿ ಉಳಿದರ್ಧ ಅರ್ಜಿಯನ್ನು ಪೇಟೆಯ ಸೈಬರ್ ಸೆಂಟರಿನಲ್ಲಿ ದುಡ್ಡು ಕೊಟ್ಟು ತುಂಬಿಸಿದಳಂತೆ.

ನಮ್ಮ ಭಾಷೆಯಲ್ಲೇ ಒಂದು ಜಾರುದಾರಿ ಇದೆ ನೋಡಿ. "ಕೆಟ್ಟಿದೆ" ಎಂದರೆ ಸಾಕಾಗುವ ಕಡೆ ನಾವು "ಕೆಡಿಸಿದ್ದಾಳೆ" ಎನ್ನುತ್ತೇವೆ. ಅಲ್ಲಿಂದ "ಕೆಟ್ಟವಳು" ಎನ್ನಲು ಎಷ್ಟು ಹೊತ್ತು? ಮೂರೂ ಒಂದೇ ಧಾತುವಿನ ಮಾತು. ಮೊದಲನೆಯದನ್ನು ರಬ್ಬರಿನಿಂದ ಉಜ್ಜಿ ಸರಿಮಾಡಬಹುದು.

ಹಾಗಾದರೆ ಯಾರೂ ಯಾವುದಕ್ಕೂ ಜವಾಬ್ದಾರರಲ್ಲವೇ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಮುಚ್ಚುವ ಕ್ರಮ ಮುಗಿಯುವ ಮೊದಲೇ ಪ್ಲಗ್ಗು ಕಿತ್ತರೆ ಕಂಪ್ಯೂಟರ್ ಮರುದಿನ ಏಳದೆ ಇರಬಹುದು. ಕಿತ್ತವರು ಯಾರೆಂದು ತಿಳಿಯಲೂ ಬೇಕು, ಇಲ್ಲದಿದ್ದರೆ ನಾಳೆಯೂ ಕಿತ್ತಾರು. ಆದರೆ ಹೆದರಿದವರು ನಿಜ ಹೇಳುವುದಿಲ್ಲ. ನಿನ್ನೆ ಏನು ಮಾಡಿದೆ ಎಂದು ಗುಡುಗಿದರೆ "ನಾನು ಮುಟ್ಟಲೇ ಇಲ್ಲ" ಎಂಬ ಉತ್ತರ ಬರುತ್ತದೆ, ದೋಷ ಪೆಟ್ಟಿಗೆಯೊಳಗೇ ಉಳಿಯುತ್ತದೆ. ಅದೇ ಮಾತನ್ನು ರಿಪೇರಿಯ ಹುಡುಗನ ಧಾಟಿಯಲ್ಲಿ ಕೇಳಿದರೆ ಮಗು ಪ್ಲಗ್ಗಿನ ಕಥೆಯನ್ನು ತಾನಾಗಿ ಹೇಳುತ್ತದೆ. ದೋಷ ಸಿಕ್ಕ ಮೇಲೆ ಜವಾಬ್ದಾರಿಯ ಮಾತಾಡಲು ಬೇಕಾದಷ್ಟು ಸಮಯವಿದೆ. ಮೊದಲೇ ಅಪರಾಧಿ ಸಿಕ್ಕಿಬಿಟ್ಟರೆ ದೋಷವನ್ನು ಹುಡುಕುವವರು ಯಾರು?

ಮನೆಯೊಳಗಿನ ಸಣ್ಣ ವಿಷಯಕ್ಕೆ ಇಷ್ಟೊಂದು ಮಾತೇಕೆ ಎನ್ನಬೇಡಿ. ಯಂತ್ರವನ್ನು ಬಿಚ್ಚಿ ನೋಡುವ ಬದಲು ಮನುಷ್ಯರನ್ನು ಹಿಡಿದ ಚಾಳಿ ಇಂಗ್ಲೆಂಡಿನಲ್ಲಿ ಎಲ್ಲಿಗೆ ಮುಟ್ಟಿತೆಂಬುದು ಈಗ ಜಗಜ್ಜಾಹೀರು. ಅಲ್ಲಿನ ಅಂಚೆ ಕಚೇರಿಗಳಿಗೆ 1999ರಿಂದ ಹೊರೈಜನ್ ಎಂಬ ಲೆಕ್ಕದ ಕಂಪ್ಯೂಟರ್ ವ್ಯವಸ್ಥೆ ಬಂತು. ಹಣ ಕಡಿಮೆಯಿದೆ ಎಂದು ಅದು ತಪ್ಪು ಲೆಕ್ಕ ತೋರಿಸಿದಾಗ, ಹಳ್ಳಿ ಪೇಟೆಗಳ ಸಣ್ಣ ಅಂಚೆ ಕಚೇರಿ ನಡೆಸುತ್ತಿದ್ದವರು ಸಹಾಯವಾಣಿಗೆ ಫೋನು ಮಾಡುತ್ತಿದ್ದರು. ಬೇರೆ ಯಾರಿಗೂ ಈ ತೊಂದರೆ ಇಲ್ಲ, ನಿಮಗೊಬ್ಬರಿಗೇ ಎಂಬ ಉತ್ತರ ಅನೇಕರಿಗೆ ಸಿಕ್ಕಿತು. 2015ರ ಹೊತ್ತಿಗೆ 900ಕ್ಕೂ ಹೆಚ್ಚು ಮಂದಿಗೆ ಕಳ್ಳತನ, ಸುಳ್ಳು ಲೆಕ್ಕದಂಥ ಅಪರಾಧಗಳಿಗಾಗಿ ಶಿಕ್ಷೆಯಾಗಿತ್ತು. ಅವರಲ್ಲೊಬ್ಬರು ಭಾರತ ಮೂಲದ ಸೀಮಾ ಮಿಶ್ರಾ. ಸುಮಾರು 74,000 ಪೌಂಡು ಕದ್ದರೆಂದು 2010ರ ನವೆಂಬರಿನಲ್ಲಿ ಅವರಿಗೆ 15 ತಿಂಗಳ ಸೆರೆವಾಸ ವಿಧಿಸಿದರು. ಅಂದು ಹಿರಿಯ ಮಗನ ಹತ್ತನೆಯ ಹುಟ್ಟುಹಬ್ಬ. ಆಕೆ ಎರಡು ತಿಂಗಳ ಗರ್ಭಿಣಿ. ನ್ಯಾಯಾಲಯ ಆ ತೀರ್ಪನ್ನು ರದ್ದು ಮಾಡಿದ್ದು 2021ರ ಏಪ್ರಿಲ್‌ನಲ್ಲಿ. ಸೆರೆಮನೆಗೆ ಹೋಗುವಾಗ ಹೊಟ್ಟೆಯಲ್ಲಿದ್ದ ಮಗುವಿಗೆ ಆಗ ಹತ್ತು ವರ್ಷ ತುಂಬುತ್ತಾ ಬಂದಿತ್ತು.