ಸೇವೆ ಬಿಟ್ಟಿಯಾಗುವುದು ಯಾವಾಗ?

ಕೂಲಿಯಿಲ್ಲದ ದುಡಿಮೆಗೆ ನಮ್ಮ ಭಾಷೆಯಲ್ಲಿ ಒಂದೇ ಹೆಸರಿಲ್ಲ. ನಾಟಿಯ ಕಾಲದಲ್ಲಿ ಒಂದು ಮನೆಯವರು ಇನ್ನೊಂದು ಮನೆಯ ಗದ್ದೆಗೆ ಇಳಿದರೆ ಅದು ಮುಯ್ಯಿ. ಇಂದು ಅವರು ಬಂದರು, ನಾಳೆ ನಾವು ಹೋಗಬೇಕು. ಊರ ಕೆರೆಯ ಹೂಳೆತ್ತಲು ಎಲ್ಲರೂ ಸೇರಿದರೆ ಅದು ಶ್ರಮದಾನ. ಒಡೆಯನ ಅಂಗಳದಲ್ಲಿ ತುಟಿ ಬಿಚ್ಚದೆ ದುಡಿದರೆ ಅದು ಬಿಟ್ಟಿ. ಮೂರರಲ್ಲೂ ಹರಿಯುವ ಬೆವರು ಒಂದೇ, ಮೂರರಲ್ಲೂ ಹಣದ ಮಾತಿಲ್ಲ. ಆದರೂ ಮೊದಲೆರಡನ್ನು ಹೆಮ್ಮೆಯಿಂದ ನೆನೆಯುವ ನಾವು ಮೂರನೆಯದರ ಹೆಸರೆತ್ತಿದರೆ ನಾಚುತ್ತೇವೆ. ಹಾಗಾದರೆ ಸೇವೆಯನ್ನು ಬಿಟ್ಟಿಯಿಂದ ಬೇರ್ಪಡಿಸುವುದು ಯಾವುದು?

ಈ ಹಳೆಯ ಪ್ರಶ್ನೆಯನ್ನು ಹೊಸದಾಗಿ ಕೇಳಬೇಕಾದ ಜಾಗವೊಂದು ಇಂದು ನಮ್ಮ ನಡುವೆ ಇದೆ. ಅದು ಕಂಪ್ಯೂಟರ್ ತಂತ್ರಾಂಶಗಳ ಲೋಕ. ಕೆಲವು ತಂತ್ರಾಂಶಗಳನ್ನು ಕಂಪೆನಿಗಳು ಬರೆಸಿ, ಅದರ ಒಳಗುಟ್ಟಿಗೆ ಬೀಗ ಹಾಕಿ ಮಾರುತ್ತವೆ. ಇನ್ನು ಕೆಲವು ತಂತ್ರಾಂಶಗಳ ಮೂಲ ಬರಹವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ಇವುಗಳನ್ನು ಮುಕ್ತ ತಂತ್ರಾಂಶ ಅಥವಾ ಓಪನ್ ಸೋರ್ಸ್ ಎನ್ನುತ್ತಾರೆ. 1983ರಲ್ಲಿ ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ ಇಂತಹ ತಂತ್ರಾಂಶಕ್ಕಾಗಿ ಗ್ನೂ ಯೋಜನೆಯನ್ನು ಘೋಷಿಸಿದರು. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಹವ್ಯಾಸವೆಂದು ಆರಂಭಿಸಿದ ಲಿನಕ್ಸ್ ಇಂದು ಕೋಟ್ಯಂತರ ಆಂಡ್ರಾಯ್ಡ್ ಫೋನುಗಳ ಒಳಗಿದೆ. ಕನ್ನಡದ ಗುಬ್ಬಿ, ನವಿಲು ಎಂಬ ಮುಕ್ತ ಅಕ್ಷರವಿನ್ಯಾಸಗಳು, ಫೈರ್‌ಫಾಕ್ಸ್ ಬ್ರೌಸರಿನಲ್ಲಿ ಕಾಣುವ ಕನ್ನಡ ಪದಗಳು ಇದೇ ಪರಂಪರೆಗೆ ಸೇರಿದವು.

ಲಿನಕ್ಸ್‌ನಂತಹ ದೊಡ್ಡ ಯೋಜನೆಗಳಲ್ಲಿ ದುಡಿಯುವ ಹೆಚ್ಚಿನವರಿಗೆ ಇಂದು ಯಾವುದಾದರೊಂದು ಕಂಪೆನಿ ಸಂಬಳ ಕೊಡುತ್ತದೆ. ಸಣ್ಣ ಯೋಜನೆಗಳ ಕಥೆಯೇ ಬೇರೆ. ಅಲ್ಲಿ ಒಬ್ಬರೋ ಇಬ್ಬರೋ ತಮ್ಮ ಹೊಟ್ಟೆಪಾಡಿನ ಕೆಲಸ ಮುಗಿಸಿ, ಮಕ್ಕಳು ಮಲಗಿದ ಮೇಲೆ ಕಂಪ್ಯೂಟರಿನ ಮುಂದೆ ಕೂರುತ್ತಾರೆ. ಅವರ ನೆರವಿಗೆ ಎಲ್ಲೋ ಇರುವ, ಮುಖ ನೋಡದ ಸ್ವಯಂಸೇವಕರು ಬರುತ್ತಾರೆ. ಹೊರಗಿನಿಂದ ನೋಡುವವರಿಗೆ ಇದೊಂದು ಸುಂದರ ಚಿತ್ರ. ಒಳಗೆ ಹೊಕ್ಕರೆ ಮಾತ್ರ ಅದರ ಕಷ್ಟ ತಿಳಿಯುತ್ತದೆ.

ಹತ್ತು ಜನ ಕೈ ಜೋಡಿಸಿದರೆ ಕೆಲಸ ಹತ್ತು ಪಾಲು ಹಗುರವಾಗುತ್ತದೆ ಎಂಬುದು ನಮ್ಮ ಎಣಿಕೆ. ಗದ್ದೆಯ ನಾಟಿಯಲ್ಲಿ ಇದು ನಿಜವಿರಬಹುದು. ಆದರೆ ಐಬಿಎಂ ಕಂಪೆನಿಯ ಬೃಹತ್ ತಂತ್ರಾಂಶವೊಂದರ ಹೊಣೆ ಹೊತ್ತಿದ್ದ ಫ್ರೆಡ್ ಬ್ರೂಕ್ಸ್ 1975ರಲ್ಲಿಯೇ ಬೇರೆ ಮಾತು ಹೇಳಿದ್ದರು. ತಡವಾಗಿರುವ ತಂತ್ರಾಂಶದ ಕೆಲಸಕ್ಕೆ ಇನ್ನಷ್ಟು ಜನರನ್ನು ಸೇರಿಸಿದರೆ ಅದು ಮತ್ತಷ್ಟು ತಡವಾಗುತ್ತದೆ ಎಂಬುದು ಅವರ ಅನುಭವ. ಹೊಸಬರಿಗೆ ಕಲಿಸಲು ಹೊತ್ತು ಬೇಕು, ಪರಸ್ಪರ ಮಾತನಾಡಿ ಹೊಂದಿಸಿಕೊಳ್ಳಲು ಇನ್ನಷ್ಟು ಹೊತ್ತು ಬೇಕು. ಅಂದರೆ ನೆರವನ್ನು ಪಡೆಯುವುದೂ ಒಂದು ದುಡಿಮೆಯೇ.

ಕನ್ನಡ ಅನುವಾದದ ಉದಾಹರಣೆಯನ್ನೇ ನೋಡೋಣ. ಉತ್ಸಾಹಿ ವಿದ್ಯಾರ್ಥಿನಿಯೊಬ್ಬಳು ಎರಡು ವಾರ ಕೂತು, ಒಂದು ತಂತ್ರಾಂಶದ ಇನ್ನೂರು ಸಾಲುಗಳನ್ನು ಕನ್ನಡಕ್ಕೆ ತಂದು ಕಳುಹಿಸುತ್ತಾಳೆ ಎಂದಿಟ್ಟುಕೊಳ್ಳಿ. ಆಕೆ ಎಲ್ಲೆಡೆ ‘ಕಡತ’ ಎಂದು ಬರೆದಿದ್ದಾಳೆ. ಹಿಂದಿನವರು ‘ಫೈಲ್’ ಎಂದೇ ಬಳಸಿದ್ದಾರೆ. ಇದ್ದಂತೆ ಸೇರಿಸಿದರೆ ಬಳಸುವವರು ಒಂದೇ ವಸ್ತುವನ್ನು ಎರಡೆಂದು ತಿಳಿದು ಗೊಂದಲಕ್ಕೆ ಬೀಳುತ್ತಾರೆ. ಬೇಡವೆಂದರೆ ಆಕೆಯ ಮನಸ್ಸು ನೋಯುತ್ತದೆ. ಕೂತು ತಿದ್ದಿಸೋಣವೆಂದರೆ ಉಸ್ತುವಾರಿ ಹೊತ್ತವನ ಬಳಿ ಇರುವುದು ರಾತ್ರಿಯ ಒಂದು ಗಂಟೆ ಮಾತ್ರ. ಇಂತಹ ಹೊತ್ತಿನಲ್ಲಿ ಬಹಳ ಮಂದಿ ಹಿಡಿಯುವ ದಾರಿ ಮೌನ. ನಾಳೆ ನೋಡೋಣ ಎಂದು ಬದಿಗಿಟ್ಟದ್ದು ತಿಂಗಳಾದರೂ ಅಲ್ಲೇ ಉಳಿಯುತ್ತದೆ. ಆ ಹುಡುಗಿ ಮತ್ತೆ ಬರುವುದಿಲ್ಲ.

ಈ ಮೌನದಲ್ಲಿ ಒಂದು ನೈತಿಕ ಪ್ರಶ್ನೆಯಿದೆ. ಯಾರೂ ಆಕೆಯನ್ನು ಬೈಯಲಿಲ್ಲ, ಮೋಸ ಮಾಡಲಿಲ್ಲ. ಆದರೂ ಆಕೆಗೆ ಅನ್ಯಾಯವಾಗಿದೆ. ಬಿಟ್ಟಿಯ ಲಕ್ಷಣವನ್ನು ಈಗ ನೆನಪಿಸಿಕೊಳ್ಳಿ. ಅಲ್ಲಿ ದುಡಿಯುವವನ ಹೆಸರನ್ನು ಯಾರೂ ಕೇಳುವುದಿಲ್ಲ. ಅವನ ಮಾತಿಗೆ ಉತ್ತರವಿಲ್ಲ. ಅವನಿಗೆ ಬಿಟ್ಟುಹೋಗುವ ಸ್ವಾತಂತ್ರ್ಯವಿಲ್ಲ. ಸೇವೆಯಲ್ಲಿ ಈ ಮೂರೂ ಇರುತ್ತವೆ. ವ್ಯತ್ಯಾಸ ಇರುವುದು ಹಣದಲ್ಲಲ್ಲ, ಇಲ್ಲಿ. ‘ನೆರವು ಬೇಕಾಗಿದೆ’ ಎಂದು ಬಾಗಿಲಲ್ಲಿ ಫಲಕ ತೂಗಿಸಿದವನು ಬಂದದ್ದನ್ನೆಲ್ಲ ಒಪ್ಪಲೇಬೇಕೆಂದಿಲ್ಲ. ಆದರೆ ಉತ್ತರವನ್ನಂತೂ ಕೊಡಲೇಬೇಕು. ‘ಬೇಡ’ ಎನ್ನುವುದೂ ಉತ್ತರವೇ, ಕಾರಣ ಹೇಳಿದರೆ ಅದು ಗೌರವವೂ ಹೌದು.

ಅಚ್ಚುಕಟ್ಟಾಗಿ ನಡೆಯುವ ಸಣ್ಣ ಯೋಜನೆಗಳು ಇದಕ್ಕೆ ಸರಳ ದಾರಿಗಳನ್ನು ಕಂಡುಕೊಂಡಿವೆ. ಯಾವ ಪದಕ್ಕೆ ಯಾವ ಪದ ಬಳಸಬೇಕು, ತಿದ್ದುಪಡಿಯನ್ನು ಹೇಗೆ ಕಳುಹಿಸಬೇಕು ಎಂಬುದನ್ನು ಮೊದಲೇ ಬರೆದಿಡುತ್ತವೆ. ಹೊಸಬರಿಗೆಂದು ಸಣ್ಣ ಕೆಲಸಗಳನ್ನು ಗುರುತಿಸಿ ತೆಗೆದಿಡುತ್ತವೆ. ಒಂದು ಅಕ್ಷರದೋಷ ತಿದ್ದಿದವರ ಹೆಸರನ್ನೂ ಪಟ್ಟಿಯಲ್ಲಿ ಸೇರಿಸುತ್ತವೆ. ಇವನ್ನು ಆಡಳಿತದ ತಂತ್ರಗಳೆಂದು ಕರೆಯಬಹುದು. ನಮಗೆ ಮಾತ್ರ ಇವು ಮನೆಗೆ ಬಂದವರನ್ನು ನಡೆಸಿಕೊಳ್ಳುವ ರೀತಿಯಂತೆ ಕಾಣುತ್ತವೆ. ಅತಿಥಿ ಬಂದ ಮೇಲೆ ಚಾಪೆ ಹುಡುಕುವ ಮನೆಯಲ್ಲಿ ಪ್ರೀತಿ ಇಲ್ಲವೆಂದಲ್ಲ, ಆದರೆ ಆ ಪ್ರೀತಿ ಅತಿಥಿಗೆ ತಿಳಿಯುವುದು ಹೇಗೆ?

ಇಲ್ಲಿಯವರೆಗೆ ಉಸ್ತುವಾರಿಯವನ ಹೊಣೆಯ ಮಾತಾಯಿತು. ಆದರೆ ಅವನೂ ಸ್ವಯಂಸೇವಕನೇ ಎಂಬುದನ್ನು ಮರೆಯುವಂತಿಲ್ಲ. ಅವನನ್ನು ಬಿಟ್ಟಿಗೆ ದುಡಿಸುತ್ತಿರುವ ಒಡೆಯ ಯಾರು?

ಈ ಪ್ರಶ್ನೆಗೆ ಉತ್ತರ 2024ರ ಮಾರ್ಚ್‌ನಲ್ಲಿ ಜಗತ್ತಿನ ಮುಂದೆ ಬಂತು. ಎಕ್ಸ್‌ಝಡ್ ಎಂಬುದು ಕಡತಗಳನ್ನು ಕುಗ್ಗಿಸಿ ಚಿಕ್ಕದಾಗಿಸುವ ಒಂದು ಸಣ್ಣ ಮುಕ್ತ ತಂತ್ರಾಂಶ. ಲಿನಕ್ಸಿನ ಬಹುತೇಕ ಎಲ್ಲ ಆವೃತ್ತಿಗಳಲ್ಲೂ ಅದು ಇದೆ. ಅದನ್ನು ವರ್ಷಗಟ್ಟಲೆ ಕಾಪಾಡಿಕೊಂಡು ಬಂದವರು ಲಾಸ್ಸೆ ಕಾಲಿನ್ ಎಂಬ ಒಬ್ಬರೇ, ಅದೂ ಸಂಬಳವಿಲ್ಲದೆ. 2022ರಲ್ಲಿ ಕೆಲವರು ಕೆಲಸ ನಿಧಾನವಾಯಿತೆಂದು ಅವರ ಮೇಲೆ ಒತ್ತಡ ಹೇರಿದರು. ತಾನು ದಣಿದಿದ್ದೇನೆ, ಇದು ಕೂಲಿಯಿಲ್ಲದ ಹವ್ಯಾಸವೆಂಬುದು ನೆನಪಿರಲಿ ಎಂಬರ್ಥದಲ್ಲಿ ಅವರು ಉತ್ತರಿಸಿದರು. ಆಗ ಪಕ್ಕದಲ್ಲಿ ಸೌಜನ್ಯದ ನೆರವುಗಾರನಾಗಿ ನಿಂತದ್ದು ಜಿಯಾ ಟಾನ್ ಎಂಬ ಹೆಸರಿನವನು. ಅವನು 2021ರಿಂದಲೇ ತಿದ್ದುಪಡಿಗಳನ್ನು ಕಳುಹಿಸುತ್ತಿದ್ದ. ಕ್ರಮೇಣ ಉಸ್ತುವಾರಿಯಲ್ಲಿ ಪಾಲು ಪಡೆದ. 2024ರ ಫೆಬ್ರವರಿ ಮತ್ತು ಮಾರ್ಚ್‌ನಲ್ಲಿ ಬಂದ ಎರಡು ಆವೃತ್ತಿಗಳಲ್ಲಿ, ಬೇರೆಯವರ ಕಂಪ್ಯೂಟರುಗಳಿಗೆ ಗುಟ್ಟಾಗಿ ನುಗ್ಗಲು ಒಂದು ಕಳ್ಳಬಾಗಿಲನ್ನು ಇಟ್ಟುಬಿಟ್ಟ.

ಅದನ್ನು ಕಂಡುಹಿಡಿದವರು ಆಂಡ್ರೆಸ್ ಫ್ರಾಯಿಂಡ್ ಎಂಬ ಇಂಜಿನಿಯರ್. ದೂರದ ಕಂಪ್ಯೂಟರಿಗೆ ಪ್ರವೇಶ ಪಡೆಯಲು ಸುಮಾರು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿರುವುದು ಅವರ ಗಮನಕ್ಕೆ ಬಂತು. ಬೇರೆಯವರಾಗಿದ್ದರೆ ಅಷ್ಟನ್ನು ಲೆಕ್ಕಕ್ಕೇ ತೆಗೆದುಕೊಳ್ಳುತ್ತಿರಲಿಲ್ಲ. ಅವರು ಬೆನ್ನುಹತ್ತಿದರು, ಮಾರ್ಚ್ 29ರಂದು ಎಲ್ಲರಿಗೂ ತಿಳಿಸಿದರು. ಆ ಆವೃತ್ತಿಗಳು ಹೆಚ್ಚಿನ ಕಂಪ್ಯೂಟರುಗಳಿಗೆ ತಲುಪುವ ಮೊದಲೇ ಅನಾಹುತ ತಪ್ಪಿತು.

ಇದನ್ನು ಕೇಳಿದ ಕೂಡಲೇ ಹಲವರು ಹೇಳುವ ಪಾಠ, ಅಪರಿಚಿತರನ್ನು ನಂಬಬೇಡಿ, ಬಾಗಿಲು ಮುಚ್ಚಿ ಎಂದು. ಈ ಮಾತನ್ನು ತಳ್ಳಿಹಾಕುವುದು ಸುಲಭವಲ್ಲ. ಮೋಸಗಾರನೂ ಸೇವಕನ ವೇಷದಲ್ಲೇ ಬಂದಿದ್ದ, ಎರಡು ವರ್ಷ ನಿಷ್ಠೆಯಿಂದಲೇ ದುಡಿದಿದ್ದ. ಕೈಕೆಲಸ ನೋಡಿ ಮನಸ್ಸನ್ನು ಅಳೆಯಲಾಗದು. ಆದುದರಿಂದ ಯಾರು ಕಳುಹಿಸಿದರೂ ಇನ್ನೊಬ್ಬರು ಓದಿ ನೋಡಿಯೇ ಸೇರಿಸಬೇಕು. ಅದು ಅವಮಾನವಲ್ಲ, ಎಲ್ಲರಿಗೂ ಒಂದೇ ನಿಯಮ. ಆದರೆ ಓದಿ ನೋಡಲು ಇನ್ನೊಬ್ಬರು ಇರಬೇಕಲ್ಲ? ಎಕ್ಸ್‌ಝಡ್‌ನಲ್ಲಿ ಇರಲಿಲ್ಲ. ಜಗತ್ತೆಲ್ಲ ಬಳಸುತ್ತಿದ್ದ ಬಾವಿಗೆ ಒಬ್ಬನೇ ಕಾವಲುಗಾರ, ಅವನೂ ದಣಿದಿದ್ದ. ಕಳ್ಳನಿಗೆ ದಾರಿಯಾದದ್ದು ಒಬ್ಬನ ನಂಬಿಕೆಗಿಂತ ಹೆಚ್ಚಾಗಿ ಅವನ ಒಂಟಿತನ. ಆ ಒಂಟಿತನಕ್ಕೆ ನೀರು ಸೇದಿದವರೆಲ್ಲರೂ ಪಾಲುದಾರರು.

ಇದು ಮೊದಲ ಎಚ್ಚರಿಕೆಯೂ ಅಲ್ಲ. ಅಂತರ್ಜಾಲದ ಬ್ಯಾಂಕು ವ್ಯವಹಾರ, ಪಾಸ್‌ವರ್ಡುಗಳನ್ನು ಕಾಯುವ ಓಪನ್‌ಎಸ್‌ಎಸ್‌ಎಲ್ ತಂತ್ರಾಂಶದಲ್ಲಿ 2014ರಲ್ಲಿ ‘ಹಾರ್ಟ್‌ಬ್ಲೀಡ್’ ಎಂಬ ದೊಡ್ಡ ದೋಷ ಪತ್ತೆಯಾಯಿತು. ಅದು ಎರಡು ವರ್ಷ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಆ ಯೋಜನೆಗೆ ಪೂರ್ಣಾವಧಿ ದುಡಿಯುತ್ತಿದ್ದವರು ಒಬ್ಬರು, ದೇಣಿಗೆಯಾಗಿ ಬರುತ್ತಿದ್ದದ್ದು ವರ್ಷಕ್ಕೆ ಸುಮಾರು 2,000 ಡಾಲರ್ ಎಂಬುದು ಆಗ ಹೊರಬಂತು. ಆ ಬಳಿಕವಷ್ಟೇ ದೊಡ್ಡ ಕಂಪೆನಿಗಳು ಒಂದು ನಿಧಿ ಕೂಡಿಸಿದವು. ಲಾಭ ಪಡೆದವರು ಹಣ ಕೊಡಬೇಕಾದದ್ದು ನ್ಯಾಯ. ಆದರೆ ಹಣದಿಂದಲೇ ಮುಗಿಯುವ ಮಾತೂ ಇದಲ್ಲ. ಸಂಬಳ ಕೊಟ್ಟೂ ಬಿಟ್ಟಿಯಂತೆ ನಡೆಸಿಕೊಳ್ಳುವವರನ್ನು ನಾವು ಕಂಡಿಲ್ಲವೇ?

ಇಂತಹ ತಂತ್ರಾಂಶಗಳ ಪರವಾನಗಿಯಲ್ಲಿ ಸಾಮಾನ್ಯವಾಗಿ ಒಂದು ಮಾತಿರುತ್ತದೆ: ಇದನ್ನು ಇದ್ದಂತೆಯೇ ಕೊಡಲಾಗಿದೆ, ಯಾವ ಖಾತರಿಯೂ ಇಲ್ಲ. ಕಾನೂನಿನ ಪ್ರಕಾರ ಕೊಟ್ಟವನಿಗೆ ನಮ್ಮ ಹಂಗಿಲ್ಲ. ಪಡೆದ ನಮಗೂ ಪರವಾನಗಿಯ ಷರತ್ತುಗಳಾಚೆ ಅವನ ಹಂಗಿಲ್ಲ. ಆದರೆ ಮನುಷ್ಯ ಸಂಬಂಧಗಳು ಕಾನೂನಿನ ಕೊನೆಯ ಸಾಲಿಗೆ ಮುಗಿಯುತ್ತವೆಯೇ? ಮುಯ್ಯಿಯನ್ನು ಯಾವ ನ್ಯಾಯಾಲಯವೂ ವಸೂಲಿ ಮಾಡಿಕೊಡುತ್ತಿರಲಿಲ್ಲ, ಆದರೂ ಊರು ಅದನ್ನು ಮರೆಯುತ್ತಿರಲಿಲ್ಲ.

ಮುಯ್ಯಿಯಲ್ಲಿ ಪಡೆದದ್ದನ್ನು ಕೊಟ್ಟವರಿಗೇ ತೀರಿಸಬೇಕು. ಇಲ್ಲಿ ಹಾಗಾಗದು, ಕೊಟ್ಟವರು ಯಾರೆಂದೇ ನಮಗೆ ಗೊತ್ತಿಲ್ಲ. ಆದುದರಿಂದ ಮುಂದಿನವರಿಗೆ ತೀರಿಸಬೇಕು. ಪ್ರೋಗ್ರಾಮ್ ಬರೆಯಲು ಬಾರದವರೂ ಇದನ್ನು ಮಾಡಬಹುದು. ದೋಷ ಕಂಡರೆ ಗದರದೆ, ಎಲ್ಲಿ ಏನಾಯಿತೆಂದು ವಿವರವಾಗಿ ಬರೆದು ತಿಳಿಸಬಹುದು. ತಪ್ಪಾದ ಕನ್ನಡ ಪದವೊಂದನ್ನು ತಿದ್ದಿಕೊಡಬಹುದು. ಹೊಸಬರ ಪ್ರಶ್ನೆಗೆ ನಾವೇ ಉತ್ತರಿಸಿ ಉಸ್ತುವಾರಿಯವನ ಆ ಒಂದು ಗಂಟೆಯನ್ನು ಉಳಿಸಬಹುದು. ಅವನು ದಣಿದು ‘ನನ್ನಿಂದ ಇನ್ನಾಗದು’ ಎಂದಾಗ, ‘ಹಾಗಾದರೆ ನಮ್ಮ ಗತಿಯೇನು’ ಎಂದು ಕೇಳುವ ಮೊದಲು ‘ಇಷ್ಟು ದಿನ ಮಾಡಿದ್ದಕ್ಕೆ ಉಪಕಾರವಾಯಿತು, ಕೀಲಿ ಯಾರ ಕೈಗೆ ಕೊಡೋಣ’ ಎಂದು ಕೇಳಬಹುದು. ಬಿಟ್ಟಿಯ ಆಳಿಗೆ ಯಾವ ಒಡೆಯನೂ ಈ ಮಾತು ಹೇಳಿದ್ದಿಲ್ಲ.