ದುಡ್ಡು ಕೊಟ್ಟಿದ್ದೀವಿ ಅಲ್ವಾ?

ಯಾರದ್ದೂ ತಪ್ಪಿಲ್ಲದೇ ಇದ್ದಾಗ ನಮ್ಮ ಸಿಟ್ಟು ಎಲ್ಲಿಗೆ ಹೋಗಬೇಕು?

ಮೋಡ ಕವಿದು ಫ್ಲೈಟ್ ಲೇಟಾಗುತ್ತೆ. ಗಾಳಿಗೆ ಮರ ಬಿದ್ದು ಕರೆಂಟ್ ಹೋಗುತ್ತೆ. ಆಕಾಶಕ್ಕೆ, ಮರಕ್ಕೆ ಬೈದು ಪ್ರಯೋಜನ ಇಲ್ಲ ಅಂತ ಎಲ್ಲರಿಗೂ ಗೊತ್ತು. ಹಾಗಾಗಿ ಹತ್ತಿರದಲ್ಲಿ ಯೂನಿಫಾರ್ಮ್ ಹಾಕ್ಕೊಂಡು ನಿಂತಿರೋ ಯಾರಾದರೂ ಸಿಕ್ತಾರಾ ಅಂತ ನೋಡ್ತೀವಿ. ಸಿಕ್ಕಿದ ಕೂಡಲೇ ಬಾಯಿಗೆ ಬರೋ ವಾಕ್ಯ ಒಂದೇ: ‘ದುಡ್ಡು ಕೊಟ್ಟಿದ್ದೀವಿ ಅಲ್ವಾ?’

ಈ ವಾಕ್ಯವನ್ನು ಒಂದೇ ಬೆಳಿಗ್ಗೆ ನಾಲ್ಕೈದು ಭಾಷೆಗಳಲ್ಲಿ ನಾನು ಕೇಳಿದ್ದು ಒಂದು ನವೆಂಬರ್‌ನಲ್ಲಿ, ಅರಬ್ಬಿ ಸಮುದ್ರದ ಮಧ್ಯೆ. ಮದುವೆಯಾಗಿ ಐದು ವರ್ಷ ತುಂಬಿದ ನೆಪದಲ್ಲಿ ನಾನೂ ನನ್ನ ಗಂಡನೂ ಕ್ರೂಸ್ ಹೊರಟಿದ್ದೆವು. ಮುಂಬೈಯಿಂದ ಕೊಚ್ಚಿ, ಅಲ್ಲಿಂದ ಲಕ್ಷದ್ವೀಪದ ಅಗತ್ತಿ, ಆಮೇಲೆ ಗೋವಾ, ಮತ್ತೆ ಮುಂಬೈ. ನಿಜ ಹೇಳಬೇಕೆಂದರೆ ಹಡಗಿನಲ್ಲಿದ್ದ ಮುಕ್ಕಾಲು ಪಾಲು ಜನ ಬಂದಿದ್ದೇ ಅಗತ್ತಿಗಾಗಿ. ಆ ನೀಲಿ ಹಸಿರು ನೀರು, ಬಿಳಿ ಮರಳು, ಫೋಟೋಗಳಲ್ಲಿ ನೋಡಿ ನೋಡಿ ಬಾಯಿಪಾಠ ಆಗಿದ್ದ ದ್ವೀಪ.

ಕೊಚ್ಚಿ ಬಿಟ್ಟ ರಾತ್ರಿ ವಾಯುಭಾರ ಕುಸಿತದ ಗಾಳಿ ಶುರುವಾಯ್ತು. ಈಜುಕೊಳದ ನೀರು ಖಾಲಿ ಮಾಡಿ ಬಲೆ ಕಟ್ಟಿದರು. ಮೆಟ್ಟಿಲ ಕಂಬಿಗಳಿಗೆ ವಾಂತಿ ಕವರ್‌ಗಳನ್ನು ಸಾಲಾಗಿ ಸಿಕ್ಕಿಸಿಟ್ಟರು. ಊಟದ ಹಾಲ್ ಅರ್ಧ ಖಾಲಿ. ಬೆಳಿಗ್ಗೆ ಏಳು ಗಂಟೆಗೆ ಕ್ಯಾಪ್ಟನ್ ದನಿ ಸ್ಪೀಕರಿನಲ್ಲಿ ಬಂತು: ಅಲೆ ಜೋರಾಗಿದೆ, ಅಗತ್ತಿಯಲ್ಲಿ ಯಾರನ್ನೂ ಇಳಿಸೋಕೆ ಆಗಲ್ಲ, ಕ್ಷಮಿಸಿ.

ಅಗತ್ತಿಯಲ್ಲಿ ಇಳಿಯೋದು ಅಂದರೆ ಮುಂಬೈ, ಕೊಚ್ಚಿಯ ಹಾಗೆ ಅಲ್ಲ. ದ್ವೀಪದ ಸುತ್ತ ಹವಳದ ದಿಬ್ಬ, ಒಳಗೆ ಆಳವಿಲ್ಲದ ಲಗೂನ್. ದೊಡ್ಡ ಹಡಗು ಹೊರಗಡೆಯೇ ನಿಲ್ಲಬೇಕು. ಹಡಗಿನ ಪಕ್ಕದ ಬಾಗಿಲಿಂದ ಜನ ಒಬ್ಬೊಬ್ಬರಾಗಿ ಸಣ್ಣ ದೋಣಿಗೆ ಕಾಲಿಡಬೇಕು. ಅಲೆ ಎದ್ದಾಗ ಹಡಗು ಅಷ್ಟಾಗಿ ಅಲ್ಲಾಡಲ್ಲ, ದೋಣಿ ಮಾತ್ರ ಮೀಟರುಗಟ್ಟಲೆ ಮೇಲೆ ಕೆಳಗೆ ಆಗ್ತಿರುತ್ತೆ. ಒಂದು ಕಾಲು ಇಲ್ಲಿ, ಒಂದು ಕಾಲು ಅಲ್ಲಿ ಇರುವಾಗ ದೋಣಿ ಕುಸಿದರೆ ಏನಾಗುತ್ತೆ ಅಂತ ನಾನು ಬಿಡಿಸಿ ಹೇಳಬೇಕಿಲ್ಲ.

ಅರ್ಧ ಗಂಟೆಯೊಳಗೆ ರಿಸೆಪ್ಷನ್ ಮುಂದೆ ಕ್ಯೂ. ಕೌಂಟರಿನಲ್ಲಿದ್ದ ಹುಡುಗಿಗೆ ಹೆಚ್ಚೆಂದರೆ ಇಪ್ಪತ್ತಮೂರು ವರ್ಷ ಇರಬಹುದು. ಒಂದೇ ಉತ್ತರವನ್ನು ಎಷ್ಟು ಸಲ ಹೇಳಿದಳೋ. ಅವಳನ್ನು ಸುಳ್ಳಿ ಅಂದವರಿದ್ದರು, ಮಾಲೀಕರನ್ನು ಕರೆಸು ಅಂದವರಿದ್ದರು. ಒಬ್ಬರು ಮಾತ್ರ ಬೇರೆ ತರ ವಾದ ಮಾಡಿದರು. ‘ನಾನು ಬರೆದುಕೊಡ್ತೀನಿ. ಏನಾದರೂ ಆದರೆ ನನ್ನ ಜವಾಬ್ದಾರಿ. ಆಗ ನಿಮಗೇನು ತೊಂದರೆ?’

ನನಗೆ ಈ ಮಾತು ಮೊದಲು ನ್ಯಾಯ ಅಂತಲೇ ಅನ್ನಿಸಿತು. ನನ್ನ ಜೀವ, ನನ್ನ ಆಯ್ಕೆ. ಬೇರೆಯವರು ಯಾಕೆ ತಡೀಬೇಕು? ಅದನ್ನೇ ಗಂಡನ ಹತ್ತಿರ ಹೇಳಿದೆ. ಅವನು ಮಂಗಳೂರಿನವನು, ಬಂದರಿನ ವಾಸನೆಯಲ್ಲೇ ಬೆಳೆದವನು. ‘ಅಲ್ಲ ಮಾರಾಯ್ತಿ, ಅವರು ದೋಣಿಗೆ ಹಾರುವಾಗ ಕೈ ಹಿಡ್ಕೊಳ್ಳೋನು ಒಬ್ಬ ಇರ್ತಾನಲ್ಲ, ಅವನ ಸಹಿ ಯಾರು ಹಾಕೋದು?’ ಅಂದ.

ಇಡೀ ಪ್ರವಾಸದಲ್ಲಿ ನನ್ನ ತಲೆಯಲ್ಲಿ ಉಳಿದದ್ದು ಈ ಒಂದು ಪ್ರಶ್ನೆ. ನಮ್ಮ ಎಷ್ಟೋ ಬೇಡಿಕೆಗಳು ನಮ್ಮ ವೈಯಕ್ತಿಕ ಸ್ವಾತಂತ್ರ್ಯದ ಹಾಗೆ ಕಾಣಿಸ್ತವೆ. ಹತ್ತಿರ ಹೋಗಿ ನೋಡಿದರೆ ಅದರೊಳಗೆ ಇನ್ನೊಬ್ಬನ ಕೈ, ಇನ್ನೊಬ್ಬನ ಸೊಂಟ, ಇನ್ನೊಬ್ಬನ ಜೀವ ಸೇರಿಕೊಂಡಿರುತ್ತೆ.

ಕಾಗದದ ಮೇಲೆ ನಾವು ಕೊಂಡದ್ದು ಏನು? ಕ್ರೂಸ್ ಟಿಕೆಟ್ಟಿನ ಷರತ್ತುಗಳಲ್ಲಿ ಸಾಮಾನ್ಯವಾಗಿ ಒಂದು ಸಾಲು ಇರುತ್ತೆ: ಹವಾಮಾನ, ಸುರಕ್ಷತೆಯ ಕಾರಣಕ್ಕೆ ಯಾವ ಬಂದರನ್ನು ಬೇಕಾದರೂ ಬಿಡಬಹುದು. ಇದು ಕಂಪನಿಗಳ ಜಾಣತನ ಅಂತ ಸುಮ್ಮನೆ ತಳ್ಳಿಹಾಕೋಕೂ ಆಗಲ್ಲ. ಟೈಟಾನಿಕ್ 1912ರಲ್ಲಿ ಮುಳುಗಿದ ಮೇಲೆ, 1914ರಲ್ಲಿ ‘ಸೋಲಾಸ್’ ಅನ್ನೋ ಅಂತರರಾಷ್ಟ್ರೀಯ ಒಪ್ಪಂದ ಹುಟ್ಟಿತು. ಈಗ ಚಾಲ್ತಿಯಲ್ಲಿರೋದು 1974ರ ರೂಪ. ಅದರಲ್ಲಿ ಒಂದು ನಿಯಮ ಇದೆ: ಜೀವರಕ್ಷಣೆಗೆ ಬೇಕು ಅಂತ ಕ್ಯಾಪ್ಟನ್ ತನ್ನ ವೃತ್ತಿಯ ತಿಳಿವಳಿಕೆಯಿಂದ ತೆಗೆದುಕೊಳ್ಳೋ ತೀರ್ಮಾನವನ್ನು ಹಡಗಿನ ಮಾಲೀಕನೂ ತಡೆಯುವಂತಿಲ್ಲ. ಮಾಲೀಕನಿಗೇ ಇಲ್ಲದ ಅಧಿಕಾರ ಟಿಕೆಟ್ ಕೊಂಡ ನಮಗೆ ಎಲ್ಲಿಂದ ಬರಬೇಕು? ನಮ್ಮ ಆಫೀಸುಗಳಲ್ಲೂ ಇಂಥ ನಿಯಮ ಇದ್ದಿದ್ದರೆ, ‘ಈ ಡೆಡ್‌ಲೈನ್ ಆಗಲ್ಲ ಸಾರ್’ ಅನ್ನೋಕೆ ಒಂದಷ್ಟು ಜನಕ್ಕೆ ಧೈರ್ಯ ಬರ್ತಿತ್ತೇನೋ.

ಆಗಲ್ಲ ಅನ್ನೋ ಕ್ಯಾಪ್ಟನ್‌ಗೆ ಚಪ್ಪಾಳೆ ಸಿಗಲ್ಲ. ತೋರಿಕೆಗೆ ಹೋದರೆ ಏನಾಗುತ್ತೆ ಅನ್ನೋದಕ್ಕೆ 2012ರ ಜನವರಿ 13ರ ರಾತ್ರಿ ಇದೆ. ಇಟಲಿಯ ಜಿಲಿಯೋ ದ್ವೀಪಕ್ಕೆ ‘ಸಲಾಂ’ ಹೊಡೆಯೋ ನೆಪದಲ್ಲಿ ತೀರಕ್ಕೆ ತೀರಾ ಹತ್ತಿರ ಹೋದ ಕೋಸ್ಟಾ ಕಾಂಕಾರ್ಡಿಯಾ ಬಂಡೆಗೆ ಬಡಿಯಿತು. 32 ಜನ ಸತ್ತರು. ಕ್ಯಾಪ್ಟನ್‌ಗೆ 16 ವರ್ಷ ಜೈಲು ಶಿಕ್ಷೆಯಾಯ್ತು.

ಆ ದಿನ ಮಧ್ಯಾಹ್ನ ಕ್ಯಾಬಿನ್ನಿನಲ್ಲಿ ಮಲಗಿ ನಾನು ನೆನಪಿಸಿಕೊಂಡದ್ದು ಎಪಿಕ್ಟೀಟಸ್‌ನನ್ನು. ಗುಲಾಮನಾಗಿದ್ದು ಆಮೇಲೆ ತತ್ವಜ್ಞಾನ ಕಲಿಸಿದ ಈ ಸ್ಟೋಯಿಕ್ ಮೇಷ್ಟ್ರಿಗೆ ಹಡಗಿನ ಉದಾಹರಣೆಗಳೆಂದರೆ ಇಷ್ಟ. ಕ್ಯಾಪ್ಟನ್ ಯಾರು, ಹೊರಡೋ ದಿನ ಯಾವುದು, ಇವನ್ನು ಆರಿಸೋದು ನನ್ನ ಕೈಯಲ್ಲಿದೆ. ಆಮೇಲೆ ಬಿರುಗಾಳಿ ಬಂದರೆ ಅದು ಕ್ಯಾಪ್ಟನ್‌ಗೆ ಬಿಟ್ಟದ್ದು ಅಂತಾನೆ. ಇನ್ನೊಂದು ಕಡೆ ಬದುಕನ್ನೇ ಬಂದರಿಗೆ ಹೋಲಿಸ್ತಾನೆ. ಹಡಗು ದಡದಲ್ಲಿ ನಿಂತಾಗ ನೀರು ತರೋಕೆ ಇಳೀರಿ, ದಾರಿಯಲ್ಲಿ ಚಿಪ್ಪೋ ಗೆಡ್ಡೆಯೋ ಸಿಕ್ಕರೆ ಆರಿಸಿಕೊಳ್ಳಿ. ಆದರೆ ಕಿವಿ ಹಡಗಿನ ಕಡೆಗೇ ಇರಲಿ. ಕರೆ ಬಂದ ಕೂಡಲೇ ಎಲ್ಲ ಬಿಟ್ಟು ಓಡಿಬನ್ನಿ.

ಸುಮಾರು ಎರಡು ಸಾವಿರ ವರ್ಷ ಹಳೆಯ ಈ ಮಾತನ್ನು ಓದಿ ಹೇಳಿದಾಗ ಗಂಡ ತಲೆದೂಗಲಿಲ್ಲ. ‘ಇದು ನಮಗೆ ಸರಿ. ನಾವು ಕಳ್ಕೊಂಡಿದ್ದು ನಾಲ್ಕು ಫೋಟೋ. ಮೊನ್ನೆ ಕೊಚ್ಚಿಯಲ್ಲಿ ನೋಡಿದೆಯಲ್ಲ, ಅವರಿಗೆ ಹೋಗಿ ಹೇಳ್ತೀಯಾ ಇದನ್ನ?’

ಕೊಚ್ಚಿಯಲ್ಲಿ ನಮಗೆ ಸಿಕ್ಕಿದ್ದು ಐದು ಗಂಟೆ. ಎಲ್ಲರ ಹಾಗೆ ನಾವೂ ಮಳೆಯಲ್ಲಿ ಚೀನೀ ಬಲೆ ನೋಡಿದೆವು, ಮಟ್ಟಂಚೇರಿಗೆ ಓಡಿದೆವು. ವಾಪಸ್ ಬರುವಾಗ ವಿಲಿಂಗ್ಡನ್ ಐಲ್ಯಾಂಡ್‌ನಲ್ಲಿ, ಲಕ್ಷದ್ವೀಪದ ಪ್ರಯಾಣಿಕರ ಹಡಗುಗಳು ಹೊರಡೋ ಜಾಗದ ಹತ್ತಿರ, ಆಟೋ ಸ್ವಲ್ಪ ಹೊತ್ತು ನಿಂತಿತು. ಹಾಸಿಗೆ ಸುರುಳಿ, ಹೊಸ ಫ್ಯಾನಿನ ಡಬ್ಬ, ಆಸ್ಪತ್ರೆಯ ಸ್ಕ್ಯಾನ್ ಕವರ್ ಹಿಡ್ಕೊಂಡ ಕುಟುಂಬಗಳು ಹಡಗಿಗೆ ಕಾಯ್ತಾ ಕೂತಿದ್ದವು. ಅವರು ಹೋಗಬೇಕಿದ್ದದ್ದು ಮನೆಗೆ. ನಮ್ಮ ಪಟ್ಟಿಯಲ್ಲಿ ‘ನಾಲ್ಕನೇ ದಿನ’ ಆಗಿದ್ದದ್ದು ಅವರ ಊರು.

ಲಕ್ಷದ್ವೀಪದಲ್ಲಿರೋದು 36 ದ್ವೀಪ, ಜನ ಇರೋದು ಹತ್ತರಲ್ಲಿ. ಎಲ್ಲ ಸೇರಿ 32 ಚದರ ಕಿಲೋಮೀಟರ್ ನೆಲ. 2011ರ ಜನಗಣತಿ ಪ್ರಕಾರ ಸುಮಾರು 64 ಸಾವಿರ ಜನ. ವಿಮಾನ ಇಳಿಯೋದು ಅಗತ್ತಿಯಲ್ಲಿ ಮಾತ್ರ. ನಮಗೂ ಆ ದ್ವೀಪಗಳಿಗೂ ಹಳೆಯ ನಂಟಿದೆ. ಅಮಿನಿ, ಕಡಮತ್ ಮುಂತಾದ ಅಮಿನ್‌ದಿವಿ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಇವತ್ತಿಗೂ ಮಂಗಳೂರಿನ ಹಳೇ ಬಂದರಿನಿಂದ ಮಂಜಿಗಳು ಅಕ್ಕಿ, ತರಕಾರಿ, ಜಲ್ಲಿ, ಸಿಮೆಂಟ್ ಹೊತ್ತು ಅತ್ತ ಹೋಗ್ತವೆ. ಮಾವನದ್ದು ಬಂದರಿನಲ್ಲಿ ಈರುಳ್ಳಿ ಅಂಗಡಿ. ಮೇ 15ರ ಹತ್ತಿರ ಅಂಗಡಿಯಲ್ಲಿ ಎಲ್ಲಿಲ್ಲದ ಗಡಿಬಿಡಿಯಂತೆ, ಯಾಕೆಂದರೆ ಮಳೆಗಾಲದ ನಾಲ್ಕು ತಿಂಗಳು ಮಂಜಿ ಹೊರಡೋ ಹಾಗಿಲ್ಲ.

ಅಂದರೆ ನಮ್ಮನ್ನು ಇಳಿಯೋಕೆ ಬಿಡದ ಅದೇ ಅಲೆ ಅಲ್ಲಿ ಒಬ್ಬರ ಮನೆಯ ತರಕಾರಿಯನ್ನು, ಒಬ್ಬ ಗರ್ಭಿಣಿಯ ಆಸ್ಪತ್ರೆ ಪ್ರಯಾಣವನ್ನು ನಿಲ್ಲಿಸುತ್ತೆ. 2017ರ ಡಿಸೆಂಬರ್ ಆರಂಭದಲ್ಲಿ ಓಖಿ ಚಂಡಮಾರುತ ಬಂದಾಗ ಅದು ದೋಣಿ, ತೆಂಗು, ಮನೆಗಳನ್ನೇ ಹಾಳುಮಾಡಿತ್ತು. ನಾವು ಬಾರದ ಆ ದಿನವೂ ಅಗತ್ತಿಯಲ್ಲಿ ಯಾರೋ ನಮಗಾಗಿ ಎಳನೀರು ಇಳಿಸಿಟ್ಟಿರಬೇಕು, ಮೀನು ತಂದಿಟ್ಟಿರಬೇಕು, ದೋಣಿ ತೊಳೆದಿಟ್ಟಿರಬೇಕು. ಅವರ ಹತ್ತಿರ ಕ್ಯೂ ನಿಲ್ಲೋಕೆ ಕೌಂಟರ್ ಕೂಡ ಇಲ್ಲ.

ಗಂಡ ಹೇಳಿದ್ದರಲ್ಲಿ ಅರ್ಧ ಒಪ್ತೀನಿ. ‘ಬಂದದ್ದನ್ನು ಒಪ್ಪಿಕೋ’ ಅನ್ನೋದು ಎಲ್ಲರಿಗೂ ಒಂದೇ ಬೆಲೆಗೆ ಸಿಗೋ ಸದ್ಗುಣ ಅಲ್ಲ. ರೋಗಿಯನ್ನು ಇಟ್ಕೊಂಡು ಹಡಗಿಗೆ ಕಾಯುವವನಿಗೆ ಅದನ್ನು ಉಪದೇಶ ಮಾಡೋದು ಕ್ರೂರ. ಒಳ್ಳೆ ಜೆಟ್ಟಿ ಕಟ್ಟಿ, ಇನ್ನೊಂದು ಹಡಗು ಬಿಡಿ ಅಂತ ಅವನು ಸಿಟ್ಟಾದರೆ ಆ ಸಿಟ್ಟು ನ್ಯಾಯವೇ. ಆದರೆ ಕಳೆದುಕೊಂಡದ್ದು ಸಣ್ಣದಾಗಿದ್ದಾಗ ಒಪ್ಪಿಕೊಳ್ಳೋದು ತೀರಾ ಕನಿಷ್ಠದ ಸಭ್ಯತೆ. ಅಷ್ಟೂ ಆಗದಿದ್ದರೆ ನಾವು ಓದಿದ ಎಪಿಕ್ಟೀಟಸ್ ಬರೀ ವಾಟ್ಸಾಪ್ ಸ್ಟೇಟಸ್ಸಿಗಷ್ಟೇ.

ಹಾಗಂತ ಬಾಯಿ ಮುಚ್ಚಿಕೊಂಡಿರಿ ಅಂತಲೂ ನಾನು ಹೇಳ್ತಿಲ್ಲ. ಇಳಿಯದ ಬಂದರಿನ ಶುಲ್ಕ ವಾಪಸ್ ಕೇಳೋದು ಸರಿ. ನಾವೂ ಇಮೇಲ್ ಹಾಕಿದೆವು, ಮೂರು ವಾರಕ್ಕೆ ದುಡ್ಡು ಬಂತು. ಕಂಪನಿ ಹವಾಮಾನದ ಹೆಸರಲ್ಲಿ ಡೀಸೆಲ್ ಉಳಿಸಿದ್ದರೆ ಜಗಳ ಆಡೋದೂ ಸರಿ. ಅದಕ್ಕೊಂದು ವಿಳಾಸ ಇರುತ್ತೆ, ಆ ವಿಳಾಸ ಕೌಂಟರಿನ ಹುಡುಗಿಯದ್ದಲ್ಲ.

ಹಡಗು ಹತ್ತದವರಿಗೂ ಈ ಲೆಕ್ಕ ಅನ್ವಯಿಸುತ್ತೆ. ಬೆಂಗಳೂರಿನಲ್ಲಿ ಸಂಜೆ ಮಳೆ ಸುರಿದು ಅಂಡರ್‌ಪಾಸ್ ತುಂಬಿದಾಗ ಬಿರಿಯಾನಿ ಇಪ್ಪತ್ತು ನಿಮಿಷ ಲೇಟ್ ಅಂತ ಮೊಬೈಲ್ ತೋರಿಸುತ್ತೆ. ನಮ್ಮ ಬೆರಳು ಕಾಲ್ ಬಟನ್ ಮೇಲೆ ಹೋಗುತ್ತೆ. ಡೆಲಿವರಿ ಹುಡುಗ ಬೈಕ್ ಓಡಿಸುತ್ತಲೇ ಹೆಲ್ಮೆಟ್ಟಿನೊಳಗೆ ಫೋನ್ ಸಿಕ್ಕಿಸಿಕೊಂಡು ‘ಬಂದೆ ಸಾರ್’ ಅಂತಾನೆ. ನಾವು ದುಡ್ಡು ಕೊಟ್ಟಿದ್ದೀವಿ, ನಿಜ. ಬಿರಿಯಾನಿಗೆ ಕೊಟ್ಟಿದ್ದೀವಿ, ಅದನ್ನು ತರೋ ಶ್ರಮಕ್ಕೂ ಒಂದಿಷ್ಟು ಕೊಟ್ಟಿದ್ದೀವಿ. ನೀರು ತುಂಬಿದ ಗುಂಡಿಯಲ್ಲಿ ಅವನು ಬೀಳೋದಕ್ಕೆ ಯಾವ ಆ್ಯಪಿನಲ್ಲೂ ನಾವು ದುಡ್ಡು ಕಟ್ಟಿಲ್ಲ.

ಹಾಗಾಗಿ ಆ ವಾಕ್ಯ ಬಾಯಿಗೆ ಬರೋ ಮುಂಚೆ ಗಂಡನ ಪ್ರಶ್ನೆಯನ್ನೇ ಒಮ್ಮೆ ಕೇಳಿಕೊಂಡರೆ ಸಾಕು ಅಂತ ನನಗನ್ನಿಸುತ್ತೆ: ನಾನು ಹೇಳಿದ ಹಾಗೇ ಎಲ್ಲ ನಡೆದರೆ, ಅಲೆಯ ಮೇಲೆ ನಿಂತು ನನ್ನ ಕೈ ಹಿಡಿಯಬೇಕಾದವನು ಯಾರು?