ಕಲ್ಪದ ಎಣಿಕೆಯೂ ಕಪ್ಪತಗುಡ್ಡದ ಕಲ್ಲೂ

ನಿತ್ಯವೂ ಸಂಕಲ್ಪದಲ್ಲಿ ನಾವು ಶ್ವೇತವರಾಹಕಲ್ಪವನ್ನು ಸ್ಮರಿಸುತ್ತೇವೆ. ಕಲ್ಪವೆಂದರೆ 432 ಕೋಟಿ ವರ್ಷ; ಅಂಗೈಯ ನೀರು ಆರುವ ಮೊದಲೇ ಅದನ್ನು ದಾಟಿಬಿಡುತ್ತೇವೆ!

ಬಿಂಕದಕಟ್ಟಿಯಿಂದ ಸಿಂಗಟಾಲೂರಿನವರೆಗೆ ಹಬ್ಬಿದ ಕಪ್ಪತಗುಡ್ಡದ ಶಿಲೆಗಳಿಗೆ ಸುಮಾರು 250 ಕೋಟಿ ವರ್ಷಗಳೆಂದು ಭೂವಿಜ್ಞಾನಿಗಳ ಮತ. ಶತಾಯುಷಿಗಳನ್ನೇ ಒಬ್ಬರ ಹಿಂದೊಬ್ಬರನ್ನು ನಿಲ್ಲಿಸಿದರೂ ಎರಡೂವರೆ ಕೋಟಿ ಆಯುಸ್ಸುಗಳು ಬೇಕು. ಶ್ರಾದ್ಧದಲ್ಲಿ ನಾವು ಹೆಸರು ಹಿಡಿದು ಕರೆಯುವುದಾದರೋ ಮೂರೇ ತಲೆಮಾರನ್ನು.

ಎಲ್ಲವೂ ನಮ್ಮ ಶಾಸ್ತ್ರದಲ್ಲಿ ಮೊದಲೇ ಇತ್ತೆಂದು ಬೀಗುವುದು ನಮಗೆ ಸಮ್ಮತವಲ್ಲ. ಜಗತ್ತು ಸತ್ಯವೆಂದೂ ಪ್ರತ್ಯಕ್ಷವು ಪ್ರಮಾಣವೆಂದೂ ಸಾರಿದವರು ಶ್ರೀಮದಾಚಾರ್ಯರು. ಅವರ ಅನುಯಾಯಿಗಳಾದ ನಾವು ಕಲ್ಲಿನ ಸಾಕ್ಷ್ಯವನ್ನು ಮಿಥ್ಯೆಯೆಂದು ತಳ್ಳುವುದೆಂತು? 1859ರಲ್ಲಿ ಡಾರ್ವಿನ್ ಬರೆದುದು ಶರೀರಗಳ ಪರಿವರ್ತನೆಯನ್ನು, ಜೀವನಾದರೋ ಅನಾದಿ. ಇಷ್ಟರಮಟ್ಟಿಗೆ ವಿರೋಧವಿಲ್ಲ. ಆದರೆ ಮನುಷ್ಯಶರೀರವು ಮೊದಲು ತೋರಿದ ಬಗೆಯಲ್ಲಿ ಪುರಾಣಕ್ಕೂ ಪಳೆಯುಳಿಕೆಗೂ ಹೊಂದಿಕೆ ಕಾಣದು. ಮಕ್ಕಳು ಕೇಳಿದಾಗ ಗದರಿಸದೆ, ಹಾಗೆಂದೇ ಹೇಳುತ್ತೇವೆ.